ಎಡಗೈಯ ಗೆರೆಗಳು

ಕಾರವಾರದ ಯಾವುದಾದರೂ ರಸ್ತೆಬದಿಯಲ್ಲಿ ಗ್ಯಾಸಿನ ಜ್ವಾಲೆಗೆ ಕಬ್ಬಿಣ ಕರಗುವ ವಾಸನೆ ಮೂಗಿಗೆ ತಾಗಿದರೆ ಇಂದಿಗೂ ನನ್ನ ಹೆಜ್ಜೆ ನಿಧಾನವಾಗುತ್ತದೆ. ಅದರ ಅಡಿಯಿಂದ ಒಣಮೀನಿನ ವಾಸನೆಯೂ ಏಳುತ್ತದೆ; ನನಗೆ ಎರಡೂ ಒಂದೇ ಅಂಗಳದವು. ತಾಯಿಯಿಲ್ಲದ ನನ್ನನ್ನು ಭಾವಿಕೇರಿಯ ಮನೆಯಲ್ಲಿ ಸಾಕಿದವಳು ದೊಡ್ಡವ್ವ. ಅವಳು ಅಂಗಳದಲ್ಲಿ ಮೀನು ಹರವಿದರೆ ನಾನೂ ಅವಳ ಮಗ ಬೊಮ್ಮಣ್ಣನೂ ಕಾಗೆ ಓಡಿಸುತ್ತ ಕೂರುತ್ತಿದ್ದೆವು. ಊಟದ ಹೊತ್ತಿಗೆ ಮೀನಿನ ತಲೆ ಯಾವಾಗಲೂ ಹಿರಿಯವನಾದ ಅವನ ತಟ್ಟೆಗೆ, ಬಾಲದ ತುಂಡು ನನಗೆ. ಅದು ಆ ಮನೆಯ ಕ್ರಮವಾಗಿತ್ತು. ಬೇಸರಪಡಬಹುದೆಂದು ನನಗೆ ಹೊಳೆದೇ ಇರಲಿಲ್ಲ.

ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ, ನಲವತ್ತು ಕಳೆದ ನನ್ನ ಸೊಂಟ ಬಲೆ ಎಳೆಯಲು ಒಲ್ಲದಾದಾಗ, ಕೆಲಸ ಕಲಿಯಲು ಅದೇ ಅಂಗಳಕ್ಕೆ ಮರಳಿದೆ. ಅಷ್ಟರಲ್ಲಿ ಬೊಮ್ಮಣ್ಣ ಅಲ್ಲಿ ತಗಡಿನ ಮಾಡು ಹಾಕಿ, ದೋಣಿಗಳಿಗೆ ಲಂಗರು ಮಾಡಿಕೊಡುತ್ತಿದ್ದ. ಕಬ್ಬಿಣದ ಹಲಗೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆಯುವುದು, ಕತ್ತರಿಸುವ ಜ್ವಾಲೆ ಗೆರೆಯನ್ನು ತಿನ್ನದಂತೆ ಅದರ ಹೊರಮಗ್ಗುಲಲ್ಲೇ ಉಸಿರು ಬಿಗಿಹಿಡಿದು ಸಾಗುವುದು, ಇವೆಲ್ಲವನ್ನೂ ಅವನೇ ಕೈಹಿಡಿದು ಕಲಿಸಿದ. ನಾನು ಎಡಚ. ಕತ್ತರಿಸಿದ ಅಂಚಿನ ಮೇಲೆ ಜ್ವಾಲೆ ಬಿಟ್ಟುಹೋಗುವ ಸಣ್ಣ ಗೀರುಗಳು ಅವನ ಕೆಲಸದಲ್ಲಿ ಒಂದು ಕಡೆಗೆ ವಾಲಿದರೆ ನನ್ನದರಲ್ಲಿ ಇನ್ನೊಂದು ಕಡೆಗೆ ವಾಲುತ್ತಿದ್ದವು. "ನಿನ್ನ ಕೆಲಸ ಕದ್ದವ ಸಿಕ್ಕೇ ಬೀಳ್ತಾನೆ ತಮಾ," ಎಂದು ಅವನು ನಗುತ್ತಿದ್ದ. "ಗೀರು ಸೈತ ನಿನ್ನ ಹಾಂಗೇ ಉಲ್ಟಾ ಮಲಗ್ತವೆ."

ಒಂದು ದಿನ ಬೆಳಂಬಾರದ ದೋಣಿಯ ಯಜಮಾನ ಮುರಿದ ಲಂಗರನ್ನು ತಂದು ಅಂಗಳದಲ್ಲಿ ಎಸೆದ. ಕಡಲತಳವನ್ನು ಕಚ್ಚಿ ಹಿಡಿಯಬೇಕಾದ ಅದರ ಒಂದು ರೆಕ್ಕೆ ಬುಡದಲ್ಲೇ ಸೀಳಿಹೋಗಿತ್ತು. ಹಿಡಿತ ತಪ್ಪಿದ ದೋಣಿ ಬಂಡೆಗೆ ಬಡಿದು ಒಡೆದಿತ್ತು. ಜನ ಈಜಿ ದಡ ಸೇರಿದ್ದರು. "ಇದ್ ಕತ್ತರಿಸಿದ್ದ್ ಯಾರ ಕೈ?" ಎಂದು ಕೇಳಿದ. ಬೊಮ್ಮಣ್ಣ ನನ್ನತ್ತ ನೋಡದೆ, "ತಮ್ಮಂದು. ಹೊಸಬ ಅಲ್ಲನಾ," ಎಂದ. ಆ ಲಂಗರು ಮಾಡಿದ ವಾರ ಹಲವು ರೆಕ್ಕೆಗಳನ್ನು ನಾನೂ ಕತ್ತರಿಸಿದ್ದೆ. ಅಂಚಿನ ಮೇಲೆಲ್ಲ ಗೀರು ಕಾಣದಂತೆ ದಪ್ಪನೆಯ ಕೆಂಪು ಬಣ್ಣ ಕೂತಿತ್ತು. ಶಾಲೆಗಿಂತ ರದ್ದಿಯ ಪುಸ್ತಕಗಳಿಂದಲೇ ಹೆಚ್ಚು ಕಲಿತ ನಾನು ಊರಿನ ಮಾತನ್ನು ಸುಲಭಕ್ಕೆ ಒಪ್ಪುವವನಲ್ಲ. ಅಣ್ಣನ ಮಾತನ್ನು ಮಾತ್ರ ಪರೀಕ್ಷಿಸದೆ ಒಪ್ಪಿದೆ. ಆ ಮಧ್ಯಾಹ್ನ ದೊಡ್ಡವ್ವ ಮೀನಿನ ತಲೆಯನ್ನು ನನ್ನ ತಟ್ಟೆಗೆ ಬಡಿಸಿದಳು. "ಉಣ್ಣು ತಮಾ, ಎಂತಕ್ಕೆ ಸುಮ್ನೆ ಕೂತ್ಕಂಡೆ?" ಬೊಮ್ಮಣ್ಣ ತಲೆ ಎತ್ತಲಿಲ್ಲ. ಆಮೇಲೆ ನನ್ನ ಕೈಗೆ ಯಾರೂ ಕೆಲಸ ಕೊಡಲಿಲ್ಲ. ಕರಾವಳಿಯುದ್ದಕ್ಕೂ ನಾನು ಲಂಗರು ಮುರಿದವನಾದೆ.

ಎರಡು ಮಳೆಗಾಲ ಕಳೆದ ಮೇಲೆ ಬೆಳಂಬಾರದ ಒಂದು ಮನೆಯ ಹಿಂದೆ, ಬಲೆಯ ಹಗ್ಗ ಕಟ್ಟಲು ಹೂಳಿದ್ದ ಅದೇ ಲಂಗರು ಕಣ್ಣಿಗೆ ಬಿತ್ತು. ಉಪ್ಪುಗಾಳಿಗೆ ಬಣ್ಣ ಸುಲಿದಿತ್ತು. ಮುರಿದ ಬುಡದಲ್ಲಿ ಜ್ವಾಲೆ ಗೆರೆ ದಾಟಿ ಒಳನುಗ್ಗಿದ ಕಚ್ಚು, ಅದನ್ನು ಮುಚ್ಚಲು ತುಂಬಿದ ಬೆಸುಗೆ. ಉಳಿದ ಅಂಚನ್ನು ಬೆರಳಿನಿಂದ ಸವರಿದೆ. ಗೀರುಗಳು ಬಲಗೈಯವು.

ಅಷ್ಟರಲ್ಲಿ ದೊಡ್ಡವ್ವ ತೀರಿಹೋಗಿದ್ದಳು. ಕಂಡದ್ದನ್ನು ಬೊಮ್ಮಣ್ಣನಿಗೆ ಹೇಳಿದೆ; ಅವನು ವಾದಿಸಲಿಲ್ಲ. "ನನ್ನ ಹೆಸ್ರು ಹೋಗಿದ್ರೆ ಮನೆಯೇ ಹೋಗ್ತಿತ್ತು ತಮಾ. ತಪ್ಪು ನಂದೇ ಅಂತ ಅವ್ವಿ ಹತ್ರ ಆವತ್ತೇ, ಊಟಕ್ಕಿಂತ ಮೊದ್ಲೇ ಹೇಳಿದ್ದೆ," ಎಂದ.

ಆ ಮನೆ ಈಗಿಲ್ಲ, ಅಂಗಳವಿಲ್ಲ, ಅವನೂ ಇಲ್ಲ. ಅವನ ಸುಳ್ಳನ್ನು ನಾನು ಹೇಗೋ ಹೊತ್ತು ನಡೆದಿದ್ದೇನೆ. ಆದರೆ ಆ ಮಧ್ಯಾಹ್ನದ ಊಟ ಗಂಟಲಲ್ಲೇ ಉಳಿದಿದೆ. ಕೊನೆಗೂ ಅವಳು ನನ್ನನ್ನು ಹಿರಿಯ ಮಗನಂತೆ ಕಂಡಳೆಂದು ನಂಬಿ, ಆ ತಲೆಯ ಮುಳ್ಳನ್ನೂ ಬಿಡದೆ ಚೀಪಿದ್ದೆ.