ಮೂರು ಲಾರಿಗಳ ಸಾಲಿನಲ್ಲಿ ಕೊನೆಯವನು

ಲಾರಿ ಜಾರಿ ಕಣಿವೆಗೆ ಬೀಳಬಹುದಿತ್ತು. ಹಿಮ ತಳ್ಳಲು ಮುಂದೆ ಕಟ್ಟಿದ ಕಬ್ಬಿಣದ ಹಲಗೆ ಸೇತುವೆಯ ಅಂಚಿಗೆ ಸಿಕ್ಕಿ ನನ್ನ ಹಲ್ಲು ಸ್ಟಿಯರಿಂಗಿನಲ್ಲಿ ಉಳಿಯಬಹುದಿತ್ತು. ಹಿಮದಲ್ಲಿ ಹೂತು ನಿಂತ ಬಿಳಿ ಕಾರು ಕಾಣದೆ ಅದನ್ನೂ ಗುಡಿಸಿಬಿಡಬಹುದಿತ್ತು. ಬೆಟ್ಟದ ಮೇಲಿನ ಹಿಮವೆಲ್ಲ ಒಟ್ಟಿಗೆ ಇಳಿದು ಬರಬಹುದಿತ್ತು. ನಿದ್ದೆ ಬರಬಹುದಿತ್ತು. ಮೂತ್ರ ಬರಬಹುದಿತ್ತು, ಐವತ್ತು ದಾಟಿದವರಿಗೆ ಇದು ಹಿಮಪಾತಕ್ಕಿಂತ ಖಚಿತ.

ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಹಿಮ ಬೀಳುವುದಿಲ್ಲ. ನಮ್ಮವರು ವಾರಾಂತ್ಯಕ್ಕೆ ಪುಳಿಯೋಗರೆ ಕಟ್ಟಿಕೊಂಡು, ಗಂಟೆಗಟ್ಟಲೆ ಕಾರು ಓಡಿಸಿ, ಪೂರ್ವದ ಬೆಟ್ಟದಲ್ಲಿ ಅದನ್ನು ನೋಡಿ ಬರುತ್ತಾರೆ. ಸಾಫ್ಟ್‌ವೇರ್ ಕೆಲಸ ಹೋಗಿ ಎಲ್ಲೂ ಇಂಟರ್‌ವ್ಯೂ ಬಾರದ ಮೇಲೆ, ನಾನು ನಮ್ಮ ಮನೆಯಿರುವ ಗಿಲ್‌ರಾಯ್‌ನಲ್ಲೇ ಲಾರಿ ಲೈಸೆನ್ಸು ಮಾಡಿಸಿಕೊಂಡು ಅದೇ ಬೆಟ್ಟದ ಹೆದ್ದಾರಿಗೆ ಹಿಮ ತಳ್ಳಲು ಹೋದೆ. ಡ್ಯಾನ್‌ವಿಲ್‌ನ ಸ್ನೇಹಿತನೊಬ್ಬ ಇದನ್ನು ಸಾಹಸವೆಂದು ಹೊಗಳಿದ; ಅವನ ಆಫೀಸಿನಲ್ಲಿ ಏನಾದರೂ ಇದೆಯೇ ಎಂದು ಕೇಳಿದಾಗ ಮಾತ್ರ ಅವನಿಗೆ ಮೀಟಿಂಗು ಬಂತು. ಮಗಳು ಫೋನಿನಿಂದ ತಲೆ ಎತ್ತದೆಯೇ ಹೇಳಿದಳು: "ಅಪ್ಪಾ, ಯು ಕಾಂಟ್ ಈವನ್ ಪಾರ್ಕ್ ದ ಮಿನಿವ್ಯಾನ್."

ಸಾಹಸವೇನೂ ಅಲ್ಲ. ಹೆಂಡತಿಗೆ ಕೀಲುವಾತ. ತಿಂಗಳಿಗೊಂದು ಇಂಜೆಕ್ಷನ್ ಇಲ್ಲದಿದ್ದರೆ ಅವಳ ಬೆರಳು ಬಾಟಲಿಯ ಮುಚ್ಚಳವನ್ನೂ ತಿರುಗಿಸಲಾರದು. ಅದರ ಖರ್ಚು ಕೊಡುತ್ತಿದ್ದ ಹಳೆಯ ಕೆಲಸದ ಇನ್ಶೂರೆನ್ಸು ಬೇಸಿಗೆಗೆ ಮುಗಿಯುತ್ತಿತ್ತು. ಹಿಮದ ಕೆಲಸದಲ್ಲಿ ಚಳಿಗಾಲವಿಡೀ ಪರೀಕ್ಷೆ. ಪಾಸಾದವರು ಕಾಯಂ, ಕಾಯಮಾದವರ ಮನೆಯವರಿಗೆಲ್ಲ ಇನ್ಶೂರೆನ್ಸು. ನನಗೆ ಬೇಕಾಗಿದ್ದುದು ಅಷ್ಟೇ.

ರಾತ್ರಿ ಪಾಳಿಯಲ್ಲಿ ಮೂರು ಲಾರಿಗಳು ಮೆಟ್ಟಿಲಿನ ಹಾಗೆ ಹೊರಡುತ್ತವೆ. ಎಡಗಡೆಯದು ಮುಂದೆ, ಅದು ತಳ್ಳಿದ ಹಿಮವನ್ನು ನಡುವಿನದು ಇನ್ನಷ್ಟು ಬಲಕ್ಕೆ ತಳ್ಳುತ್ತದೆ, ನಡುವಿನದು ತಳ್ಳಿದ್ದನ್ನು ಬಲಗಡೆಯ ಕೊನೆಯದು ರಸ್ತೆಯಾಚೆ ಹಾಕುತ್ತದೆ. ಕೊನೆಯವನು ನಾನು. ಕಲಿಸಿದ ಮೇಸ್ತ್ರಿ, ಬಿಳಿ ಗಡ್ಡದ ಮಿತಭಾಷಿ, ಒಂದೇ ನಿಯಮ ಹೇಳಿದ್ದ: ಸಾಲು ಬಿಡಬೇಡ. ಹಿಂದಿನ ಕಾರುಗಳು ಕಾಯಲಿ, ಬೈಯಲಿ, ನೀನು ಸಾಲು ಬಿಡಬೇಡ.

ಆ ಚಳಿಗಾಲವೆಲ್ಲ ನಾನು ಬಿಡಲಿಲ್ಲ. ಬಾಯಿ ಒಣಗಿಸಿಕೊಂಡು, ನೀರೂ ಕುಡಿಯದೆ, ಮುಂದಿನ ಲಾರಿಯ ಹಳದಿ ದೀಪವನ್ನು ದೇವರ ದೀಪದಂತೆ ನೋಡಿಕೊಂಡು ಹೋದೆ. ಮೇಸ್ತ್ರಿ ಕೂಡ ಒಮ್ಮೆ ನನ್ನ ಕೆಲಸ ಪರವಾಗಿಲ್ಲ ಎಂದ. ಅದೇ ನನ್ನ ಚಿಂತೆ ಹೆಚ್ಚಿಸಿತು.

ಮಾರ್ಚಿನ ಒಂದು ರಾತ್ರಿ ಹಿಂದೆ ಹಾರ್ನ್ ಕೇಳಿಸಿತು. ಅಮೆರಿಕದವರ ಸಿಟ್ಟಿನ ಒಂದೇ ಉದ್ದನೆಯ ಹಾರ್ನ್ ಅಲ್ಲ. ಪೀಂ ಪೀಂ, ಪೀಂ ಪೀಂ ಎಂದು ಬಿಡದೆ ಕೇಳಿಕೊಳ್ಳುವ ಹಾರ್ನ್. ಮೈಸೂರು ರಸ್ತೆಯಲ್ಲಿ ಸ್ಕೂಟರು ಕಲಿತ ಕೈ ನನ್ನನ್ನು ಕೇಳಲಿಲ್ಲ. ಬಲಕ್ಕೆ ತಿರುಗಿಸಿತು. ಹಲಗೆಗೆ ರಸ್ತೆಯಂಚಿನ ಗುರುತಿನ ಕಂಬವೊಂದು ತಗುಲಿ ಬಾಗಿತು. ಹಿಂದಿನ ಕಾರು ಆ ಸಂದಿಗೆ ನುಗ್ಗಿತು, ನಡುವಿನ ಲಾರಿ ತಳ್ಳಿದ ಹಿಮದ ರಾಶಿಗೆ ಮೂತಿ ಹಾಕಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಕಾರನ್ನು ಎಳೆಯುವವರೆಗೆ ಹೆದ್ದಾರಿ ಮುಚ್ಚಿತ್ತು.

ಮೇಸ್ತ್ರಿ ನನ್ನ ಕಿಟಕಿಯ ಹತ್ತಿರ ಬಂದು ಬಲಕ್ಕೆ ಯಾಕೆ ಹೋದೆ ಎಂದು ಕೇಳಿದ. ಹಿಂದಿನವನು ಹಾರ್ನ್ ಮಾಡಿದ ಎಂದೆ. ಅವನು ಕಾದ, ನಾನು ಮುಂದೇನೋ ಹೇಳುವೆನೆಂದು. ನನಗೆ ಅಷ್ಟರಲ್ಲೇ ಎಲ್ಲ ಹೇಳಿದಂತಾಗಿತ್ತು. ಅವನು ಬೈಯಲಿಲ್ಲ. ಸಾಲು ಬಿಟ್ಟವನನ್ನು ತಾನು ಪಾಸು ಮಾಡಲಾರೆ, ಬೇಕಿದ್ದರೆ ಮುಂದಿನ ಚಳಿಗಾಲಕ್ಕೆ ಬಾ ಎಂದ.

ಗಿಲ್‌ರಾಯ್‌ಗೆ ಬಂದಾಗ ಹೆಂಡತಿ ಅಡುಗೆಮನೆಯಲ್ಲಿದ್ದಳು. ಕಾಯಂ ಆಗಲಿಲ್ಲ ಎಂದೆ. ಅವಳು ಎರಡೂ ಅಂಗೈಗಳ ನಡುವೆ ಹಾಲಿನ ಲೋಟ ಹಿಡಿದು ತಂದು ನನ್ನ ಮುಂದಿಟ್ಟಳು.

"ಲಾರಿ ಜಾರ್ತಾ?"

"ಇಲ್ಲ."

"ನಿದ್ದೆ ಮಾಡಿದ್ರಾ?"

"ಇಲ್ಲ."

"ಮತ್ತೇನ್ ಆಯ್ತು ಹೇಳಿ."

"ಹಿಂದಿನೋನು ಹಾರ್ನ್ ಹೊಡ್ದ," ಎಂದೆ. "ಸೈಡ್ ಕೊಟ್ಟೆ."