ಕಾಲು ಚಾಚಿ ಕೂತವಳು

ನಮ್ಮ ಸೋದರತ್ತೆಯ ಎಡ ಅಂಗೈಯಲ್ಲಿ ಅಡ್ಡಕ್ಕೆ ಒಂದು ಬಿಳಿ ಗೆರೆ ಇತ್ತು. ಹಗ್ಗ ಉಜ್ಜಿ ಚರ್ಮ ಕಿತ್ತುಹೋಗಿ ಮತ್ತೆ ಬೆಳೆದ ಗೆರೆ. ಎಣ್ಣೆ ಹಚ್ಚಿದಾಗ ಮೀನಿನ ಹೊಟ್ಟೆಯ ಹಾಗೆ ಹೊಳೆಯುತ್ತಿತ್ತು. ಬಲ ಅಂಗೈಯಲ್ಲಿ ಏನೂ ಇರಲಿಲ್ಲ. ಒಂದು ಕೈಗೆ ಗಾಯ, ಇನ್ನೊಂದಕ್ಕೆ ಯಾಕಿಲ್ಲ ಅನ್ನುವುದೇ ಅವಳ ಬಾಳು.

ನಮ್ಮ ಮನೆಗೆ ಮೊಮ್ಮಗಳು ಬಂದು ಇವತ್ತಿಗೆ ಹನ್ನೊಂದು ದಿನ. ಸಂತೋಷ ತಡೆಯಲಾರದೆ ಬೀದರದ ನೌಬಾದದ ಈ ಓಣಿಗೆಲ್ಲ ಎರಡೆರಡು ಸಲ ಸಕ್ಕರೆ ಹಂಚಿದ್ದೇನೆ. ಕೂಸಿಗೆ ದಿನಾ ಬೆಳಿಗ್ಗೆ ನಾನೇ ಎಣ್ಣೆ ಹಚ್ಚಿ ನೀರು ಎರೆಯುತ್ತೇನೆ, ಯಾರಿಗೂ ಬಿಡುವುದಿಲ್ಲ. ನಿನ್ನೆ ಸೊಸೆ, "ಇಷ್ಟು ಚಂದ ಎರಿಯೂದು ಯಾರು ಕಲಿಸಿದ್ರವ್ವಾ?" ಅಂದಳು. ಬಾಯಿಂದ ಹೇಳಿ ಮುಗಿಯುವ ಮಾತಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಊರ ಮಠದ ಅಯ್ಯನವರ ಹತ್ತಿರ ಎರಡು ವರ್ಷ ಅಕ್ಷರ ಕಲಿತವಳು ನಾನು. ತಪ್ಪಿದ್ದರೆ ತಿದ್ದಿ ಓದಿಕೊಳ್ಳಿರಿ.

ಅತ್ತೆ ನಮ್ಮ ಅಪ್ಪನ ತಂಗಿ. ನಮ್ಮೂರು ಭಾಲ್ಕಿ ತಾಲೂಕಿನ ಮೆಹಕರ. ಅವಳನ್ನು ಕೊಟ್ಟದ್ದು ಔರಾದಿಗೆ. ಮದುವೆಯಾದ ಎರಡನೇ ವರ್ಷ ನಾಗರ ಪಂಚಮಿಗೆ ತವರಿಗೆ ಬಂದಿದ್ದಳು. ಅಪ್ಪ ಊರ ಹೊರಗಿನ ಹುಣಸೆಮರಕ್ಕೆ ಜೋಕಾಲಿ ಕಟ್ಟಿದ್ದ. ನಮ್ಮ ಕಡೆ ಪಂಚಮಿ ಜೋಕಾಲಿ ಅಂದರೆ ಕೂತು ತೂಗಿಸಿಕೊಳ್ಳುವುದಲ್ಲ. ಹಲಗೆಯ ಮೇಲೆ ನಿಂತು ಜೀಕಬೇಕು; ಜೀಕಿ ಜೀಕಿ ಮೇಲಿನ ಟೊಂಗೆಯ ಎಲೆಯನ್ನು ಹಲ್ಲಿನಿಂದ ಕಚ್ಚಿ ತರಬೇಕು. ಗಂಡಸರೇ ಹಿಂಜರಿಯುವ ಆಟ. ಅತ್ತೆ ಆಗಲೇ ಎರಡು ಸಲ ಎಲೆ ತಂದಿದ್ದಳು. "ಇನ್ನೊಂದು, ಇನ್ನೊಂದು!" ಎಂದು ಕೆಳಗೆ ಹೆಂಗಸರು ಚಪ್ಪಾಳೆ ತಟ್ಟುತ್ತಿದ್ದರು.

ನಾನು ಎಂಟು ವರ್ಷದವಳು. ದಾರಿಯಲ್ಲಿ ಗಾಡಿ ಬರುವುದು ಮೊದಲು ಕಂಡದ್ದು ನನಗೆ. ಹಬ್ಬ ಮುಗಿದ ಮೇಲೆ ಕರೆಯಲು ಬರಬೇಕಾದ ಔರಾದದ ಹಿರಿಯರು, ಅವಳ ಮಾವ, ಒಂದು ದಿನ ಮುಂಚೆಯೇ ಬಂದಿದ್ದರು. ನಾನು ಕುಣಿಯುತ್ತಾ ಕೂಗಿದೆ: "ಅತ್ತೀ, ನಿಮ್ಮ ಮಾವ ಬಂದ್ರು!"

ಅತ್ತೆ ಆಗ ಟೊಂಗೆಯ ಹತ್ತಿರ ಇದ್ದಳು. ಮಾವನ ಎದುರು ತಲೆಯ ಮೇಲೆ ಸೆರಗಿಲ್ಲ. ಸೊಸೆಯಾದವಳಿಗೆ ಬರುವ ರೂಢಿಯೇ ಬಂತು: ಬಲಗೈ ಹಗ್ಗ ಬಿಟ್ಟು ಸೆರಗಿಗೆ ಹೋಯಿತು. ಹಲಗೆ ತಿರುಗಿತು. ಎಡಗೈಯೊಂದೇ ಹಗ್ಗದ ಮೇಲೆ ಜಾರುತ್ತಾ ಬಂದದ್ದು, ಅವಳು ಬಲ ಮೊಣಕಾಲಿನ ಮೇಲೆ ಕಲ್ಲಿಗೆ ಬಿದ್ದದ್ದು ನಾನು ನೋಡಿದೆ. ಬಿದ್ದವಳು ಮೊದಲು ಸೆರಗು ಹುಡುಕಿದಳು.

ಅದೇ ಗಾಡಿಯಲ್ಲಿ ಬೀದರದ ದವಾಖಾನೆಗೆ ಒಯ್ದರು. ಎರಡು ತಿಂಗಳು ಅಲ್ಲೇ ಇದ್ದಳು. ಕಳಿಸುವಾಗ ಅಲ್ಲಿಯ ನರ್ಸಬಾಯಿ ಮೆಲ್ಲಗೆ ಹೇಳಿದಳಂತೆ, "ಕಾಲ ಉಳದದ ತಾಯೀ. ಮಡಚೂದಿಲ್ಲ." ಔರಾದದ ಮಾವ ಅಪ್ಪನಿಗೆ, "ಸುಧಾರಿಸ್ಕೊಳ್ಳಿ ಬೀಗ್ರ, ದೀಪಾವಳಿಗಿ ಬಂದು ಕರಕೊಂಡು ಹೋಗ್ತೇವ್ರಿ" ಎಂದು ಹೇಳಿ ಹೋದರು.

ಅತ್ತೆ ಅದನ್ನು ನಂಬಿದಳು. ಸೀರೆ ಎರಡು, ಕುಪ್ಪಸ ಎರಡು ಗಂಟು ಕಟ್ಟಿ ತಲೆದೆಸೆಗೆ ಇಟ್ಟುಕೊಂಡಳು. ಎರಡು ಬಡಿಗೆ ಊರಿ ಅಂಗಳದಲ್ಲಿ ನಡೆಯುವುದನ್ನು ಕಲಿತಳು. ನಡೆಯುವುದು ಬಂತು, ಕಾಲು ಮಡಚಿ ಕೂಡುವುದು ಬರಲಿಲ್ಲ. ಬೀಸುವ ಕಲ್ಲಿನ ಮುಂದೆ ಕೂಡಲು ಆಗದು, ಒಲೆಯ ಮುಂದೆ ಆಗದು, ಊಟದ ಸಾಲಿನಲ್ಲಿ ಆಗದು. ಆ ಕಾಲು ಯಾವಾಗಲೂ ಒನಕೆಯಂತೆ ಮುಂದಕ್ಕೆ ಚಾಚಿರುತ್ತಿತ್ತು. ಸಣ್ಣ ಮನೆ. ಹೋಗುವವರು ಬರುವವರು ಎಡವುತ್ತಿದ್ದರು. "ಕಾಲ ತಗಿಯವ್ವಾ" ಅಂದರೆ, "ತಗದು ಎಲ್ಲಿಡ್ಲಿ? ಗ್ವಾಡಿ ಮಾಡದಾಗ ಚಿಮಣಿ ದೀಪದ ಬಾಜೂಕ ಇಡ್ಲೇನು?" ಅನ್ನುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ನಕ್ಕ ಮೇಲೆ ಅವಳು ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದಳು.

ದೀಪಾವಳಿ ಹೋಯಿತು, ಯುಗಾದಿ ಹೋಯಿತು. ಭಾಲ್ಕಿ ಸಂತೆಯಿಂದ ಬಂದ ಒಬ್ಬರು ಸುದ್ದಿ ತಂದರು: ಔರಾದದಲ್ಲಿ ಅವಳ ಗಂಡನಿಗೆ ಇನ್ನೊಂದು ಮದುವೆಯಾಗಿದೆ. ಅತ್ತೆ ಗಂಟು ಬಿಚ್ಚಿ ಸೀರೆಗಳನ್ನು ಗಳುವಿನ ಮೇಲೆ ಹಾಕಿದಳು. ಎಂಟು ದಿನ ಊಟ ಬಿಟ್ಟಳು.

ಆ ದಿನಗಳಲ್ಲೇ ನನ್ನ ತಮ್ಮ ಹುಟ್ಟಿದ. ಎರೆಯುವ ಮುದುಕಿ ಜ್ವರ ಬಂದದ್ದರಿಂದ ಬರಲಿಲ್ಲ. ಅವ್ವ ಬಾಣಂತಿ, ಹೈರಾಣಾಗಿದ್ದಳು. ಅಳುವ ಕೂಸನ್ನು ಹಿಡಿದು ಸಿಟ್ಟಿನಲ್ಲಿ ಅಂದಳು, "ಹ್ಯಾಂಗೂ ಕಾಲ ಚಾಚಿ ಕುಂತೀದಿ, ಇದನ್ನರೆ ಹಾಕ್ಕೋ!"

ಅಂದವಳೇ ನಾಲಿಗೆ ಕಚ್ಚಿಕೊಂಡಳು. ಅತ್ತೆ ಕೂಸಿಗಾಗಿ ಕೈ ಚಾಚಿ, "ಎಣ್ಣಿ ಕೊಡು" ಅಂದಳು.

ಕೂಸಿಗೆ ಎರೆಯಲು ಎರಡೂ ಕಾಲು ಚಾಚಿ, ಕಣಕಾಲುಗಳ ನಡುವೆ ಮಲಗಿಸುತ್ತಾರೆ. ಅರ್ಧ ತಾಸು ಹಾಗೆ ಕೂತರೆ ಯಾರದೇ ಕಾಲಾದರೂ ನಡುಗುತ್ತದೆ. ಅತ್ತೆಯ ಬಲಗಾಲು ಮಾತ್ರ ಅಲುಗುತ್ತಿರಲಿಲ್ಲ. ಎಡಗಾಲನ್ನು ತುಸು ಮಡಚಿ ಅದಕ್ಕೆ ಒತ್ತು ಕೊಟ್ಟರೆ ತೊಟ್ಟಿಲಿನಂಥ ತಗ್ಗು ಆಗುತ್ತಿತ್ತು. ಕೂಸು ಅದರಲ್ಲಿ ಜಾರದೆ ನಿಲ್ಲುತ್ತಿತ್ತು. ಈ ಉಪಾಯ ಅವಳೇ ಕಂಡುಕೊಂಡದ್ದು. "ನೀರು ಮೊದಲ ನಿನ್ನ ಮೊಣಕೈಗಿ ಹಾಕ್ಕೊಂಡು ನೋಡು" ಅನ್ನುತ್ತಿದ್ದಳು. "ಗಡಬಡಿ ಮಾಡಬ್ಯಾಡ, ಕೂಸಿಗಿ ನಿನ್ನ ಗಡಬಡಿ ತಿಳೀತದ."

ಎರಡು ವರ್ಷದಲ್ಲಿ ಸುತ್ತಲಿನ ಊರುಗಳಿಂದ ಗಾಡಿ ಬರತೊಡಗಿದವು. ಭಾಲ್ಕಿ ಕಚೇರಿಯ ಪೇಶಕಾರ ಸಾಹೇಬರ ಮನೆಯಿಂದ ಮೇಣೆ ಬರುತ್ತಿತ್ತು. ಮಾಡದಲ್ಲಿ ಕಾಲಿಡುವ ಮಾತನ್ನು ಅವಳು ಮತ್ತೆ ಆಡಲಿಲ್ಲ. ಆದರೆ ಕೆಲವು ಸಂಜೆ ಹೊರಸಿನ ಮೇಲೆ ಕೂತು ಆ ಮೊಣಕಾಲಿಗೆ ಸುಮ್ಮನೆ ಎಣ್ಣೆ ತಿಕ್ಕುತ್ತಿದ್ದಳು. ಅದರಿಂದ ಏನೂ ಆಗುವುದಿಲ್ಲವೆಂದು ಗೊತ್ತಿದ್ದೂ.

ನಾಲ್ಕನೇ ವರ್ಷ ಔರಾದದ ಗಾಡಿ ಬಂತು. ಮಾವನವರೇ ಇಳಿದರು. ಅಪ್ಪ ನೀರು ಕೊಡಲಿಲ್ಲ.

"ನಾಲ್ಕು ವರ್ಷಕ್ಕ ನೆನಪಾತೇನ್ರಿ ಬೀಗ್ರ?"

"ಏನರೆ ಅನ್ರಿ. ಮನ್ಯಾಗ ಕೂಸು ಹುಟ್ಟದ, ಮೊಲಿ ಹಿಡೀವಲ್ದು. ಮೈ ತಣ್ಣಗದ. ಎರಡು ಹೋಗ್ಯಾವ, ಇದು ಮೂರನೇದು."

"ಅದಕ್ಕ ನನ್ನ ತಂಗಿ ಬೇಕಾದಳೇನು? ಹೋಗ್ರಿ, ಹೋಗ್ರಿ!"

ಒಳಗಿನಿಂದ ಬಡಿಗೆಯ ಸಪ್ಪಳ ಬಂತು. ಅತ್ತೆ ಬಾಗಿಲಲ್ಲಿ ನಿಂತು ಗಾಡಿ ಹೊಡೆಯುವವನಿಗೆ ಹೇಳಿದಳು, "ಹುಲ್ಲು ಹೆಚ್ಚಿಗಿ ಹಾಸಪ್ಪಾ. ನನ್ನ ಕಾಲ ಮಡಚೂದಿಲ್ಲ."

ಜೊತೆಗೆ ನನ್ನನ್ನು ಕಳಿಸಿದರು. ಔರಾದದಲ್ಲಿ ಒಂದು ತಿಂಗಳು ಇದ್ದೆವು. ಆ ಮನೆಯಲ್ಲಿ ಅವಳ ಗಂಡ ಒಂದು ದಿನವೂ ನಮ್ಮ ಎದುರು ಬರಲಿಲ್ಲ. ಬಾಣಂತಿ ಹುಡುಗಿ ಮಾತ್ರ ಅತ್ತೆಯ ಕೈ ಹಿಡಿದು ಅಳುತ್ತಿದ್ದಳು. ಕೂಸು ಬದುಕಿತು. ಕೊನೆಯ ದಿನ ಅತ್ತೆ ಎರೆಯುತ್ತಿದ್ದಾಗ ಮಾವನವರು ಬಚ್ಚಲಿನ ಹೊರಗೆ ಬಂದು ನಿಂತರು.

"ಇಲ್ಲೇ ಇರವ್ವಾ. ಇದೂ ನಿನ್ನ ಮನೀನೇ. ಒಂದು ಖೋಲಿ ಕೊಡ್ತೇವಿ."

ಅತ್ತೆಯ ಎರಡೂ ಕೈ ಕೂಸಿನ ಮೇಲಿದ್ದವು. ಸೆರಗು ಹೆಗಲಿಗೆ ಜಾರಿತ್ತು. ಅವಳು ಕೈ ಎತ್ತಲಿಲ್ಲ.

"ಇಲ್ಲರಿ ಮಾವನೋರ. ನಮ್ಮೂರಾಗ ಇಬ್ಬರು ಬಾಣಂತ್ಯಾರು ನನ್ನ ದಾರಿ ನೋಡ್ಲತಾರ."

ಇಷ್ಟು ಗಟ್ಟಿಯಾಗಿ ಹೇಳಿದವಳು ಗಾಡಿಯಲ್ಲಿ ಭಾಲ್ಕಿ ಬರುವ ತನಕ ಅತ್ತಳು. ಯಾಕತ್ತೀ ಅಂದೆ. "ಆ ಕೂಸಿನ ಮೂಗು ಖರೇ ಅವರದ ಅದ" ಅಂದಳು. ನನಗೂ ಅಳು ಬಂತು. ನಾಲ್ಕು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡದ್ದನ್ನು ಹೇಳಿಬಿಟ್ಟೆ: "ಅವತ್ತ ಕೂಗಿದಾಕಿ ನಾನು." ಅವಳು ಕಣ್ಣು ಒರೆಸಿಕೊಂಡಳು. "ಗೊತ್ತದ. ನಿಮ್ಮಪ್ಪ ಕೇಳಿದಾಗ, ಗಾಡಿ ನಾನೇ ನೋಡ್ದೆ ಅಂತ ಹೇಳೀನಿ. ನೀನೂ ಹಂಗೇ ಹೇಳು." ಈ ಸಾಲ ನಾನು ಹೇಗೆ ತೀರಿಸಲಿ?

ನನ್ನ ಮೊದಲ ಮಗನಿಗೆ ಎರೆದದ್ದು ಅವಳೇ. ಅದೇ ಚಳಿಗಾಲ ಮೂರು ದಿನದ ಜ್ವರಕ್ಕೆ ಹೋದಳು. ನಲವತ್ತೂ ಆಗಿರಲಿಲ್ಲ.

ನಮ್ಮಲ್ಲಿ ಸತ್ತವರನ್ನು ಪದ್ಮಾಸನದಲ್ಲಿ ಕೂಡಿಸಿ ಮಣ್ಣು ಮಾಡುತ್ತಾರೆ. ಕುಣಿಯನ್ನು ಆ ಅಳತೆಗೇ ತೆಗೆದಿದ್ದರು. ಹೊಲದಲ್ಲಿ ಇಳಿಸುವಾಗ ಎಲ್ಲರೂ ನಿಂತರು. ಕಾಲು ಹೊರಗೆ ಉಳಿಯುತ್ತಿತ್ತು. ಗುಜುಗುಜು ಶುರುವಾಯಿತು. ಹಿರಿಯರೊಬ್ಬರು, "ಪದ್ಧತಿ ಬಿಡಬಾರದು. ಮೊಣಕಾಲಿಗಿ ಸುತ್ತಿಗಿಯಿಂದ ಒಂದು ಕೊಟ್ರ ಮಡಚ್ತದ. ಸತ್ತಾಕಿಗಿ ನೋವೇನದ?" ಅಂದರು. ಕೆಲವರು ತಲೆಯಾಡಿಸಿದರು.

ಅತ್ತೆ ದವಾಖಾನೆಯಿಂದ ಬಂದಾಗಿನಿಂದ ಅಪ್ಪ ಜೋಕಾಲಿಯ ಮಾತು ಎತ್ತಿದವನಲ್ಲ. ಯಾರ ಮುಖವನ್ನೂ ನೋಡದೆ ಗುದ್ದಲಿ ಇಸಿದುಕೊಂಡು ಕುಣಿಗೆ ಇಳಿದ. ಒಂದು ಬದಿಗೆ ಗೇಣು, ಮೊಳ, ಇನ್ನೂ ಅರ್ಧ ಮೊಳ ಅಗೆಯುತ್ತಾ ಹೋದ. ನೆಲ ಕೆಂಪು ಕಲ್ಲು, ಕಿಡಿ ಹಾರುತ್ತಿತ್ತು. ಜನ ಬಿಸಿಲಲ್ಲಿ ಕಾದರು. ಕೊನೆಗೆ ತಲೆಯೆತ್ತಿ, ಬೆವರೋ ಕಣ್ಣೀರೋ ತಿಳಿಯದ ಮುಖದಿಂದ ಹೇಳಿದ:

"ಈಗ ಇಳಸ್ರಿ. ನನ್ನ ತಂಗಿ ಕಾಲ ಚಾಚೇ ಕೂಡ್ತಾಳ."