ಸೀರಿಯಲ್ಲಿನ ಸೂತಕ

ನಾನು ಟಿವಿಯಲ್ಲಿ ಸತ್ತ ವಾರವೇ ಮೊಮ್ಮಗನ ವೀಳ್ಯಶಾಸ್ತ್ರ ಆಗಬೇಕಿತ್ತು. ಆಗಲಿಲ್ಲ. ಯಾಕೆ ಆಗಲಿಲ್ಲ ಎಂದು ಹೇಳಹೊರಟರೆ ಎಲ್ಲಿಂದ ಶುರು ಮಾಡಬೇಕೋ ನನಗೇ ತಿಳಿಯುವುದಿಲ್ಲ. ಕಾಫಿ ಕಣದಿಂದಲೇ ಶುರು ಮಾಡುತ್ತೇನೆ.

ನಮ್ಮದು ಕುಶಾಲನಗರದ ಹತ್ತಿರದ ಹಳ್ಳಿ. ಮಾವನವರ ಕಾಲಕ್ಕೆ ಹಾಸನದ ಕಡೆಯಿಂದ ಬಂದು ಇಲ್ಲಿ ನೆಲೆ ನಿಂತವರು ನಾವು. ಜೋಳ, ಶುಂಠಿ, ಒಂದಿಷ್ಟು ಗದ್ದೆ. ಮಗ ತೀರಿಕೊಂಡು ವರ್ಷಗಳಾದವು. ಮನೆಯಲ್ಲಿ ನಾನು, ಸೊಸೆ, ಮೊಮ್ಮಗ. ಕುಯ್ಲಿನ ಕಾಲಕ್ಕೆ ಜೀಪು ಹತ್ತಿ ಸುಂಟಿಕೊಪ್ಪದ ಕಡೆಯ ಎಸ್ಟೇಟಿಗೆ ಹೋಗಿ ಬರುವುದು ನನಗೆ ಮೊದಲಿನಿಂದ ರೂಢಿ. ಗಿಡದ ಕೆಳಗೆ ಬಗ್ಗಲು ಆಗದ ಮೇಲೆ, ಆಳುಗಳ ಲೆಕ್ಕ ಬರೆಯುವ ರೈಟರು ನನ್ನನ್ನು ಕಣಕ್ಕೆ ಹಾಕಿದರು. ಬಿಸಿಲಿಗೆ ಹರಡಿದ ಕಾಫಿಯನ್ನು ಕೈಯಾಡಿಸುತ್ತ, ನಾಯಿ ಕೋಳಿ ಓಡಿಸುತ್ತ ಕೂತಿರುವುದು.

ಆ ವರ್ಷ ಎಸ್ಟೇಟಿನ ಹಳೇ ಬಂಗಲೆಯನ್ನು ಸೀರಿಯಲ್ಲಿನವರಿಗೆ ಬಾಡಿಗೆಗೆ ಕೊಟ್ಟಿದ್ದರು. ಒಂದು ಬೆಳಿಗ್ಗೆ ನೋಡಿದರೆ ಕ್ಯಾಮೆರಾ ಎಳೆದಾಡಲು ನನ್ನ ಕಾಫಿಯ ಮೇಲೆಯೇ ಕಬ್ಬಿಣದ ಕಂಬಿ ಹಾಸುತ್ತಿದ್ದಾರೆ. ನನಗೆ ನೆತ್ತಿಗೇರಿತು.

"ಯಾರ್ಲಾ ಅದು? ಹರಡಿರೋ ಕಾಫಿ ಮೇಲೆ ರೈಲು ಬಿಡ್ತೀರಲ್ಲ, ನಿಮ್ಮವ್ವ ಹಪ್ಪಳ ಒಣಗಾಕಿದ್ರೆ ಅದ್ರ ಮೇಲೂ ಹಿಂಗೇ ಓಡಾಡ್ತಿದ್ರಾ?"

ಟೋಪಿ ಹಾಕಿದ ಒಬ್ಬ ಓಡಿ ಬಂದ. ಅವನೇ ಡೈರೆಕ್ಟರ್ ಎಂದು ಆಮೇಲೆ ತಿಳಿಯಿತು.

"ಅಜ್ಜಿ, ಇನ್ನೊಂದ್ಸಲ ಹೇಳಿ."

"ಯಾಕಪ್ಪ, ಕಿವಿ ಕೇಳಲ್ವಾ?"

"ಕೇಳ್ತು. ಇನ್ನೊಂದ್ಸಲ ಬೇಕು."

ಹುಟ್ಟಿದಾಗಿನಿಂದ ಎಲ್ಲರೂ ನನಗೆ ಬಾಯಿ ಮುಚ್ಚು ಎಂದವರೇ. ಇನ್ನೊಂದು ಸಲ ಬೈ ಎಂದು ಕೇಳಿದವನು ಅವನೊಬ್ಬನೇ. ತಲೆ ಕೆಟ್ಟಿರಬೇಕು ಅಂದುಕೊಂಡೆ. ಆದರೂ ಬೈದೆ. ಅತ್ತೆಯ ಅತ್ತೆ ಒಬ್ಬಳು ಬೇಕಿತ್ತಂತೆ. ಬೆಂಗಳೂರಿಂದ ಬರಬೇಕಾದ ಹೆಂಗಸು ಬಂದಿರಲಿಲ್ಲ. ಹಾಗೆ ನಾನು ನಟಿಯಾದೆ.

ಕೆಲಸವೇನೋ ಸುಲಭ. ನನಗೆ ಓದು ಮೂರನೇ ಕ್ಲಾಸಿಗೆ ನಿಂತಿದ್ದು, ಹಾಳೆ ನೋಡಿಕೊಂಡು ಹೇಳುವುದಕ್ಕೆ ಆಗದು. ಒಬ್ಬಳು ಅಸಿಸ್ಟೆಂಟ್ ಹುಡುಗಿ ಕ್ಯಾಮೆರಾದ ಹಿಂದೆ ನಿಂತು ಮಾತು ಹೇಳಿಕೊಡುತ್ತಿದ್ದಳು, ನಾನು ಅದನ್ನೇ ಜೋರಾಗಿ ಹೇಳುತ್ತಿದ್ದೆ. ಅರ್ಥವಾಗದೆ ಹೋದದ್ದು ಬೇರೆ. ಅವರು ಕತೆಯನ್ನು ಇದ್ದ ಹಾಗೆ ತೆಗೆಯುವುದಿಲ್ಲ. ಒಂದು ದಿನ ಮಗ ಸತ್ತನೆಂದು ಅಳಿಸಿದರು. ಮಾರನೇ ದಿನ ಅದೇ ಮಗನ ಜೊತೆ ಆಸ್ತಿ ಜಗಳ. ಅವನು ಚಹಾ ಕುಡಿಯುತ್ತ ಬಂದು, "ಅಜ್ಜಿ, ನಿನ್ನೆ ಚೆನ್ನಾಗಿ ಅತ್ರಿ" ಎಂದ. ಸತ್ತವನೇ ಬಂದು ಹೇಳಿದರೆ ಏನನ್ನಬೇಕು? ನನ್ನ ಸ್ವಂತ ಮಗ ಸತ್ತಾಗ ನನಗೆ ಅಳು ಬಂದಿರಲಿಲ್ಲ. ಬಂದವರಿಗೆಲ್ಲ ಚಾಪೆ ಹಾಸುವುದರಲ್ಲೇ ಆಗಿತ್ತು. ಯಾರೋ ಗೊತ್ತಿಲ್ಲದ ಹುಡುಗನಿಗೆ ಕಣ್ಣೀರು ಬಂತು. ಏನು ಲೆಕ್ಕವೋ.

ನನ್ನ ಪಾತ್ರದ ಕೆಲಸ ಮೊಮ್ಮಗನ ಹೆಂಡತಿಗೆ ಕಾಟ ಕೊಡುವುದು. ಉಣ್ಣುವ ತಟ್ಟೆ ಎಸೆದಿದ್ದೇನೆ, ಬಾಣಂತಿಯನ್ನು ಅಂಗಳಕ್ಕೆ ನೂಕಿದ್ದೇನೆ, ಉಗ್ರಾಣದಲ್ಲಿ ಕೂಡಿ ಹಾಕಿ ಹೊರಗಿನಿಂದ ಚಿಲಕ ಜಡಿದಿದ್ದೇನೆ. ಶಾಟ್ ಮುಗಿದ ಕೂಡಲೇ ಆ ಹುಡುಗಿ ನನ್ನ ಪಕ್ಕ ಕೂತು ನಾನು ಮನೆಯಿಂದ ಕೊಂಡೊಯ್ದ ರಾಗಿಮುದ್ದೆ ಮುರಿದು ತಿನ್ನುತ್ತಿದ್ದಳು. ತಿಂದು ಮುಗಿದರೆ ಮತ್ತೆ ತಟ್ಟೆ ಎಸೆಯುವುದು.

ಬಸ್ಸಿನಲ್ಲಿ ಹೆಂಗಸರು ನನ್ನನ್ನು ಕಂಡರೆ ಮುಖ ತಿರುಗಿಸುತ್ತಿದ್ದರು. ಒಬ್ಬಳು ನನ್ನ ಸೊಸೆಯನ್ನು, ನಾನು ಎದುರಿಗಿರುವಾಗಲೇ ಕೇಳಿದಳು: "ಹೆಂಗವ್ವ ಇರ್ತೀಯ ಇವ್ರ ಜೊತೆ?"

ಸೊಸೆ ಕಿಟಕಿಯಿಂದ ತಲೆ ತಿರುಗಿಸದೆ ಹೇಳಿದಳು: "ಟಿವೀಲಿ ಅರ್ಧ ಕತ್ತರಿಸಿ ತೋರ್ಸೋದು ಕಣಕ್ಕ. ಪೂರ್ತಿ ನೋಡ್ಬೇಕಂದ್ರೆ ನಮ್ಮನೆಗೇ ಬರ್ಬೇಕು."

ಇಷ್ಟಾದರೂ ನನಗೇನೂ ಬೇಸರವಿರಲಿಲ್ಲ. ತೊಂದರೆ ಶುರುವಾದದ್ದು ಮೊಮ್ಮಗನ ಮದುವೆ ಮಾತಿಗೆ.

ಬೇಸಾಯ ಮಾಡುವ ಗಂಡಿಗೆ ಈಗ ಹೆಣ್ಣು ಕೊಡುವವರಿಲ್ಲ. ನಮ್ಮವನಿಗೆ ವಯಸ್ಸು ಮೂವತ್ತು ದಾಟಿತ್ತು, ಬಂದ ಸಂಬಂಧಗಳೆಲ್ಲ ಶುಂಠಿ ಹೊಲ ನೋಡಿಯೇ ವಾಪಸು ಹೋಗಿದ್ದವು. ಕೊನೆಗೆ ಶನಿವಾರಸಂತೆ ಕಡೆಯ ಒಂದು ಹುಡುಗಿ, ಕುಶಾಲನಗರದ ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡುವವಳು, ಇವನನ್ನು ಒಪ್ಪಿದಳು. ಇವನು ಅವಳನ್ನು ಯಾವಾಗಲೋ ಒಪ್ಪಿಕೊಂಡು ಕೂತಿದ್ದ. ಮೈಯಲ್ಲಿ ಏನೂ ಇಲ್ಲದೆ ತಿಂಗಳಿಗೆ ಎಷ್ಟು ಸಲ ತಲೆನೋವಿನ ಮಾತ್ರೆ ತಂದನೋ. ಹುಡುಗಿಗೆ ತಾಯಿ ಇಲ್ಲ. ಸಾಕಿದವಳು ಅಜ್ಜಿ. ಆ ಅಜ್ಜಿ ಹೂಂ ಎನ್ನಬೇಕು, ಅಷ್ಟೇ ಬಾಕಿ.

ಆ ಅಜ್ಜಿ ಮನೆ ನೋಡಲು ಬಂದರು. ನನಗಿಂತ ಗಿಡ್ಡ, ನನಗಿಂತ ಗಟ್ಟಿ. ಕಾಫಿ ಕುಡಿದರು, ಹಟ್ಟಿ ನೋಡಿದರು, ಬಾವಿಗೆ ಇಣುಕಿದರು. ಆಮೇಲೆ ಕೇಳಿದರು: "ಉಗ್ರಾಣ ಎಲ್ಲೈತೆ?"

ತೋರಿಸಿದೆ. ಅವರು ಒಳಗೆ ಹೋಗಲಿಲ್ಲ. ಬಾಗಿಲ ಹೊರಗಡೆ ನಿಂತು ಚಿಲಕವನ್ನು ಹಾಕಿ ನೋಡಿದರು. ತೆಗೆದು ನೋಡಿದರು. ಮತ್ತೆ ಹಾಕಿದರು.

"ಗಟ್ಟಿಯಾಗೇ ಐತೆ" ಎಂದರು.

"ಅಕ್ಕ, ಅದು ಬೆಕ್ಕಿಗೆ ಹಾಕಿರೋದು" ಎಂದೆ. "ಸೀರಿಯಲ್ಲು ಸುಳ್ಳು. ಅಲ್ಲಿ ಯಾರೋ ಹೇಳ್ಕೊಡ್ತಾರೆ, ನಾನು ಹೇಳ್ತೀನಿ."

"ನಾನೇನು ದಡ್ಡಿ ಅಲ್ಲ ಕಣಕ್ಕ, ಸುಳ್ಳು ಅಂತ ಗೊತ್ತು. ಮಾತು ಅವ್ರು ಹೇಳ್ಕೊಡ್ತಾರೆ. ಆ ಉರಿ ಯಾರು ಹೇಳ್ಕೊಡ್ತಾರೆ? ಒಳಗಿಲ್ದಿದ್ದು ಬಾಯಿಗೆ ಎಲ್ಲಿಂದ ಬತ್ತದೆ?"

ನಾನು ಚಿಲಕ ತೆಗೆದು ಬಾಗಿಲನ್ನು ಪೂರ್ತಿ ತೆರೆದಿಟ್ಟೆ. ಬಾಗಿಲ ಹಿಂದೆ ಮೊಮ್ಮಗ ಉಗುರು ಕಚ್ಚುತ್ತಿದ್ದ.

ಕೊನೆಗೆ ಅವರೇ ಹೇಳಿದರು: "ಆ ಕೆಲಸ ಬಿಡಿ. ಬಿಟ್ರೆ ಆಷಾಢದ ಒಳಗೆ ವೀಳ್ಯ ಬದಲಾಯ್ಸಣ. ಆಷಾಢ ಹೊಕ್ಕರೆ ನಾನು ಬೇರೆ ಕಡೆ ನೋಡ್ತೀನಿ, ಇನ್ನೊಂದು ಸಂಬಂಧ ಕೇಳ್ಕೊಂಡು ಬಂದೈತೆ."

ಮಾರನೇ ದಿನ ಡೈರೆಕ್ಟರನಿಗೆ, "ನನ್ನ ಬಿಟ್ಬಿಡಪ್ಪ" ಎಂದೆ. ಅವನು ತಲೆ ಕೆರೆದುಕೊಂಡ. ಸುಮ್ಮನೆ ಬಿಡಲು ಆಗುವುದಿಲ್ಲವಂತೆ, ಸಾಯಿಸಬೇಕಂತೆ. "ಹಂಗೇ ಮಾಡು, ಬೇಗ ಮಾಡು" ಎಂದೆ.

ಚಟ್ಟ ಕಟ್ಟಿದರು. ನಿಜವಾದ ಹಸಿ ಬಿದಿರು. ಮೂಗಿಗೆ ಹತ್ತಿ ಇಟ್ಟರು, ಹಣೆಗೆ ನಾಣ್ಯ ಅಂಟಿಸಿದರು. ಮಲಗಿದೆ. ಕಣ್ಣು ಮುಚ್ಚಿದ ಮೇಲೆ ಸುತ್ತ ಗೋಳಾಟ ಶುರುವಾಯಿತು. ನಾನು ತಟ್ಟೆ ಎಸೆದ ಹುಡುಗಿಯ ಅಳು ಎಲ್ಲಕ್ಕಿಂತ ಜೋರು. ಅದು ಅವಳಿಗೆ ಹೇಳಿಕೊಟ್ಟ ಅಳುವೋ, ಅವಳದೇ ಅಳುವೋ ಮಲಗಿದವಳಿಗೆ ಹೇಗೆ ಗೊತ್ತಾಗಬೇಕು? ಕೇಳಲು ಬಾಯಿ ತೆಗೆಯುವಂತಿಲ್ಲ, ಹೆಣ.

ಮುಗಿಯಿತೆಂದು ಏಳಹೊರಟೆ. ಅಸಿಸ್ಟೆಂಟ್ ಹುಡುಗಿ ಹೆಗಲು ಹಿಡಿದು ಮಲಗಿಸಿದಳು.

"ಏಳ್ಬೇಡಿ ಅಜ್ಜಿ. ಸಾಯೋ ಪಾತ್ರ ಮಾಡ್ದೋರು ಕ್ಯಾಮೆರಾ ನೋಡಿ ನಕ್ಕೇ ಏಳ್ಬೇಕು. ಇಲ್ದಿದ್ರೆ ಒಳ್ಳೇದಾಗಲ್ಲ. ಇದು ನಮ್ಮಲ್ಲಿ ಪದ್ಧತಿ."

ಸಿನಿಮಾದವರೆಲ್ಲ ಹೀಗೇ ಮಾಡುತ್ತಾರಂತೆ. ಕುಂಬಳಕಾಯಿಯೂ ತಯಾರಿತ್ತು, ದೃಷ್ಟಿ ತೆಗೆದು ಒಡೆಯಲು. ಸರಿ ಎಂದು ನಕ್ಕೆ.

"ಈ ನಗು ಬೇಡ" ಎಂದ ಡೈರೆಕ್ಟರ್. "ಇದು ಸೀರಿಯಲ್ ಅಜ್ಜಿ ನಗು. ನಿಮ್ದು ನಗಿ."

ಮತ್ತೆ ನಕ್ಕೆ. ಅದೂ ಅವಳದೇ ಅಂದ. ನನ್ನ ನಗು ಹೇಗಿತ್ತು ಎಂದು ನೆನಪು ಮಾಡಿಕೊಳ್ಳಲು ನೋಡಿದೆ. ಬರಲಿಲ್ಲ. ಎಲ್ಲರೂ ಸುತ್ತ ನಿಂತು ನನ್ನ ಬಾಯನ್ನೇ ನೋಡುತ್ತಿದ್ದಾರೆ. ಬೆನ್ನಿಗೆ ಬಿದಿರಿನ ಗಿಣ್ಣು ಒತ್ತುತ್ತಿದೆ. ಸಿಟ್ಟು ಬಂತು.

"ಸತ್ತೋಳ್ನ ಮಲಗ್ಸಿ ನಗು ನಗು ಅಂತೀರಲ್ಲ, ನಿಮ್ಮನೇಲಿ ಯಾರೂ ಸತ್ತಿಲ್ವೇನ್ರೋ? ಈ ಗಿಣ್ಣು ಸವರೋಕೆ ಒಂದು ಕತ್ತಿ ಇರ್ಲಿಲ್ವ? ಹೆಣಕ್ಕೆ ನೋವಾಗಲ್ಲ ಅಂದ್ಕೊಂಡ್ರಾ?"

ಬೈಯುವ ರಭಸಕ್ಕೆ ಮೂಗಿನ ಹತ್ತಿ ಹಾರಿಹೋಯಿತು. ಎಲ್ಲರೂ ನಕ್ಕರು. ನಾನು ನಕ್ಕೆನೋ ಇಲ್ಲವೋ ನನಗೆ ತಿಳಿಯದು. ಕುಂಬಳಕಾಯಿ ಒಡೆದರು. ಜೀಪು ಹತ್ತಿ ಮನೆಗೆ ಬಂದೆ, ತಲೆಗೆ ನೀರು ಹಾಕಿಕೊಂಡೆ. ಮುಗಿಯಿತು ಅಂದುಕೊಂಡೆ.

ನನ್ನ ಸಾವು ಟಿವಿಯಲ್ಲಿ ಬಂದದ್ದು ವೀಳ್ಯಶಾಸ್ತ್ರಕ್ಕೆ ದಿನ ಗೊತ್ತಾದ ವಾರ. ಬೆಳಗಾಗುತ್ತಲೇ ಶನಿವಾರಸಂತೆಯಿಂದ ಫೋನು.

"ಅಕ್ಕ, ಈ ವಾರ ಆಗಲ್ಲ. ನಿಮ್ಮ ತಲೆ ಹತ್ರ ದೀಪ ಇಟ್ಟಿದ್ನ ನೋಡ್ದೆ. ಎದ್ದು ಸ್ನಾನ ಮಾಡ್ದೆ."

"ಅಕ್ಕ, ನಾನೇ ಮಾತಾಡ್ತಿದೀನಿ ಕಣ್ರೀ!"

"ಗೊತ್ತು ಕಣಕ್ಕ. ಗೊತ್ತಿದ್ರೂ ಆ ಮುಖ ಕಣ್ಣಲ್ಲೇ ಐತೆ. ಹೆಣ ನೋಡಿದ ಕಣ್ಣಲ್ಲಿ ಎಲೆ ಅಡಿಕೆ ಹೆಂಗೆ ಈಸ್ಕೊಳ್ಳಲಿ? ನಿಮ್ಮ ತಿಥಿ ಆಗ್ಲಿ, ಆಮೇಲೆ ನೋಡಣ."

ತಿಥಿ ಹನ್ನೊಂದನೇ ದಿನಕ್ಕೆ. ಅದು ನಮ್ಮ ಲೆಕ್ಕ. ಸೀರಿಯಲ್ಲಿನಲ್ಲಿ ಒಂದು ದಿನ ಮುಗಿಯಲು ವಾರ ಬೇಕು. ನನ್ನ ಹೆಣ ಎತ್ತುವುದಕ್ಕೇ ಎಷ್ಟೋ ದಿನ ತೆಗೆದುಕೊಂಡರು. ಯಾರು ಬೆಂಕಿ ಇಡಬೇಕು ಎಂದು ಜಗಳ, ನಡುವೆ ಯಾವಳೋ ಬಂದು ನಾನೂ ಈ ಮನೆಯ ಸೊಸೆ ಎನ್ನುವುದು. ನಾವು ಮೂವರೂ ದಿನಾ ಟಿವಿ ಮುಂದೆ ಕೂತು, ಇವತ್ತಾದರೂ ನನ್ನನ್ನು ಸುಡುತ್ತಾರಾ ಎಂದು ಕಾಯುವುದು. ಹೊರಗೆ ಮಳೆ ಹಿಡಿಯುತ್ತಿತ್ತು, ಆಷಾಢ ಹತ್ತಿರವಾಗುತ್ತಿತ್ತು. ಮೊಮ್ಮಗ ಊಟ ಬಿಟ್ಟ. ಡೈರೆಕ್ಟರನಿಗೆ ಫೋನು ಮಾಡಿ, "ನನ್ನ ತಿಥಿ ಬೇಗ ಮಾಡ್ಸಪ್ಪ, ಮನೇಲಿ ಶುಭಕಾರ್ಯ ಐತೆ" ಎಂದೆ. ಅವನು, "ಅಜ್ಜಿ, ನೀವು ಸತ್ತ ಮೇಲೆ ಜನ ಜಾಸ್ತಿ ನೋಡ್ತಿದಾರೆ, ಇನ್ನೂ ಎಳೀಬೇಕು" ಎಂದ.

ದಾರಿ ತೋರಿಸಿದವಳು ಸೊಸೆ. "ಅತ್ತೆ, ಚಟ್ಟದ ಮೇಲೆ ನಗ್ಸಿದ್ರು ಅಂದ್ರಲ್ಲ. ಅದ್ನ ಅವ್ರು ನೋಡಿದಾರಾ?"

ಅಸಿಸ್ಟೆಂಟ್ ಹುಡುಗಿಗೆ ಹೇಳಿದ್ದಕ್ಕೆ ಅವಳು ಆ ವಿಡಿಯೋವನ್ನು ಮೊಮ್ಮಗನ ಫೋನಿಗೆ ಕಳಿಸಿದಳು. ಮಳೆಯಲ್ಲೇ ಅವನೂ ನಾನೂ ಶನಿವಾರಸಂತೆಯ ಬಸ್ಸು ಹತ್ತಿದೆವು.

ಆ ಅಜ್ಜಿ ನನ್ನನ್ನು ಜಗುಲಿಯ ಮೇಲೆಯೇ ಕೂರಿಸಿದರು, ಒಳಗೆ ಕರೆಯಲಿಲ್ಲ. ಫೋನನ್ನು ತೋಳಿನುದ್ದ ದೂರ ಹಿಡಿದು ನೋಡಿದರು. ಮೊದಲು ಹೆಣ. ಅವರ ಮುಖ ಬಿಗಿಯಿತು. ಆಮೇಲೆ ಆ ಬಾರದ ನಗು. ಮುಖ ಇನ್ನೂ ಬಿಗಿಯಿತು. ಕೆಟ್ಟಿತು ಕೆಲಸ ಅಂದುಕೊಂಡೆ. ಮೊಮ್ಮಗ ಕಂಬಕ್ಕೆ ಹಣೆ ಒರಗಿಸಿ ನಿಂತಿದ್ದ. ಆಗ ಬೈಗುಳ ಬಂತು. ಗಿಣ್ಣು, ಕತ್ತಿ, ಹಾರಿದ ಹತ್ತಿ. ಅವರ ಭುಜ ಅಲುಗಿತು. ಇನ್ನೊಂದು ಸಲ ಹಾಕು ಎಂದರು. ಇನ್ನೊಂದು ಸಲ ನೋಡಿ ಸೆರಗಲ್ಲಿ ಕಣ್ಣೊರೆಸಿಕೊಂಡರು.

"ಬದುಕಿದ್ದೀರಿ ಬಿಡಿ" ಎಂದರು. "ಸತ್ತೋರು ಹಿಂಗೆ ಬೈಯಲ್ಲ. ಒಳಗೆ ಬನ್ನಿ, ಕಾಲಿಗೆ ನೀರು ತಗೊಳ್ಳಿ."

ಬೈದದ್ದಕ್ಕೆ ಹೆಣ್ಣು ಕೊಡಲ್ಲ ಎಂದವರು, ಬೈದದ್ದಕ್ಕೇ ಕೊಡುತ್ತೇನೆ ಎಂದರು. ಅಲ್ಲಿ ಬೈದವಳು ಯಾರು, ಇಲ್ಲಿ ಬೈದವಳು ಯಾರು ಎಂದು ಕೇಳೋಣ ಅನ್ನಿಸಿತು. ಕೆಲಸ ಆಗುವಾಗ ಬಾಯಿ ಬಿಡಬಾರದು ಎಂದು ಸುಮ್ಮನೆ ಕಾಲು ತೊಳೆದೆ.

ಆಷಾಢ ಹೊಗುವ ಮೊದಲೇ ವೀಳ್ಯ ಆಯಿತು. ಅವತ್ತು ಆ ಅಜ್ಜಿ ಚಾಪೆಯ ಮೇಲೆ ಕೂರುವ ಮೊದಲು ನೇರ ಉಗ್ರಾಣದ ಕಡೆಗೆ ನಡೆದರು. ಚಿಲಕ ಇರಲಿಲ್ಲ. ಹಿಂದಿನ ದಿನ ಸೊಸೆ, ನನ್ನನ್ನೂ ಕೇಳದೆ, ಬಿಚ್ಚಿ ಇಟ್ಟಿದ್ದಳು. ಬಾಗಿಲಲ್ಲಿ ಮೊಳೆಯ ತೂತುಗಳಷ್ಟೇ. ಅಜ್ಜಿ ಒಂದು ತೂತಿಗೆ ಕಿರುಬೆರಳು ಇಟ್ಟು ನೋಡಿ, ಬಂದು ಕೂತರು.

ಮದುವೆಯಾಗಿ ಹುಡುಗಿ ಈಗ ನಮ್ಮ ಮನೆಯಲ್ಲಿದ್ದಾಳೆ. ಸೀರಿಯಲ್ಲಿನವರು ಹಳೆಯದನ್ನು ಆಗಾಗ ತೋರಿಸುತ್ತಾರೆ. ನನ್ನ ಪಕ್ಕದಲ್ಲೇ ಕೂತು ನೋಡುತ್ತ, "ಪಾಪ, ಹಂಗೆ ಬೈಬೇಡಿ ಅಜ್ಜಿ" ಎನ್ನುತ್ತಾಳೆ, ಟಿವಿಯ ಕಡೆ ಮುಖ ಮಾಡಿ. ಉತ್ತರ ಕೊಡಬೇಕಾದವಳು ನಾನೋ, ಅಲ್ಲಿರುವವಳೋ.

ಚಿಲಕ ಹೋದಾಗಿನಿಂದ ಬೆಕ್ಕು ಉಗ್ರಾಣದ ಬಾಗಿಲು ನೂಕಿಕೊಂಡು ಒಳಗೆ ಹೋಗುತ್ತದೆ. ನಿನ್ನೆಯೂ ಹಾಲಿನ ಪಾತ್ರೆ ಉರುಳಿಸಿತು. ಬಾಯಿಗೆ ಬಂದಂತೆ ಬೈದೆ. ಅಡುಗೆಮನೆಯಿಂದ ಹುಡುಗಿ ಕೂಗಿದಳು: "ಅತ್ತೆ, ಟಿವಿ ಯಾರು ಹಾಕಿದ್ದು?"

"ಟಿವಿ ಅಲ್ಲ ಕಣೇ" ಎಂದಳು ಸೊಸೆ. "ಬೆಕ್ಕು."